ಎದೆಹಾಲು ಬಿಡಿಸಿದ ವೀಗನ್ ಮಗುವಿನ ಆಹಾರ: ಗುಂಪಿನ ತಾಯಂದಿರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಎಮ್ಮೆ ಹಾಲಿಲ್ಲದೆ ಮಗು ಬೆಳೆದೀತೇ ಎಂದು ನಮ್ಮ ಚಿತ್ರದುರ್ಗದ ಮನೆಗಳಲ್ಲಿ ಹಿರಿಯರು ಆತಂಕಪಡುವುದು ಸಹಜವಾದರೂ, ಒಂದು ವರ್ಷ ತುಂಬಿದ ವೀಗನ್ (ಹಾಲು, ಮೊಟ್ಟೆ, ಮಾಂಸದಂಥ ಪ್ರಾಣಿಮೂಲದ ಆಹಾರ ತಿನ್ನದ) ಮಗುವಿಗೆ ಕ್ಯಾಲ್ಸಿಯಂ ಮತ್ತು ಬಿ12 ವಿಟಮಿನ್ ಸೇರಿಸಿದ, ಸಕ್ಕರೆ ಹಾಕದ ಸೋಯಾ ಹಾಲನ್ನು ಕೊಡಬಹುದು. ಪ್ರೋಟೀನಿನಲ್ಲಿ ಹಸುವಿನ ಹಾಲಿಗೆ ಹತ್ತಿರವಿರುವುದು ಅದೇ. ಬಾದಾಮಿ ಹಾಲಿನಲ್ಲಿ ಪ್ರೋಟೀನ್ ತೀರಾ ಕಡಿಮೆ. ಅಕ್ಕಿ ಹಾಲು ಬೇಡ. ಪ್ಯಾಕೆಟ್ ಹಾಲಿನ ಕ್ಯಾಲ್ಸಿಯಂ ತಳದಲ್ಲಿ ಕೂರುವುದರಿಂದ ಪ್ರತಿ ಸಲವೂ ಚೆನ್ನಾಗಿ ಕುಲುಕಿಯೇ ಬಗ್ಗಿಸಬೇಕು.

ನನಗೆ ಹೆಚ್ಚಿನ ಕಾಳಜಿ ಇರುವುದು ಬಿ12 ಬಗ್ಗೆ. ಗಿಡಮೂಲದ ಆಹಾರದಲ್ಲಿ ಅದು ನೆಚ್ಚಿಕೊಳ್ಳುವಷ್ಟು ಸಿಗುವುದಿಲ್ಲ, ಮನೆಯಲ್ಲಿ ರುಬ್ಬಿ ಸೋಸಿದ ಸೋಯಾ ಹಾಲಿನಲ್ಲೂ ಇರುವುದಿಲ್ಲ. ಕೊರತೆಯಾದರೆ ಮಿದುಳು ಮತ್ತು ನರಗಳ ಬೆಳವಣಿಗೆಗೇ ಪೆಟ್ಟು ಬೀಳುತ್ತದೆ. ದಯವಿಟ್ಟು ಮಕ್ಕಳ ವೈದ್ಯರನ್ನು ಕೇಳಿ, ಅವರು ಹೇಳಿದ ಪ್ರಮಾಣದಲ್ಲಿ ಬಿ12 ಔಷಧಿಯನ್ನು ತಪ್ಪದೆ ಹಾಕಿ.

100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಚಳ್ಳಕೆರೆ ಕಡೆಯ ಶೇಂಗಾವನ್ನು ಹುರಿದು, ಸಿಪ್ಪೆ ತಿಕ್ಕಿ ಕೇರಿ, ಎಣ್ಣೆ ಬಿಡುವವರೆಗೆ ನುಣ್ಣಗೆ ಅರೆದು, ಮೊಳಕೆ ರಾಗಿಯ ಸರಿಗೆ ಒಂದು ಚಮಚ ಕಲಸಿದರೆ ನನ್ನ ಮಗಳು ಬಟ್ಟಲು ಬಳಿದು ತಿನ್ನುತ್ತಾಳೆ. ಇಡೀ ಕಾಳನ್ನು ಮಾತ್ರ ಐದು ವರ್ಷದವರೆಗೆ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬೇಳೆ, ಸೊಪ್ಪಿನ ಸಾರಿಗೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ.