20 ವರ್ಷದ ಟರ್ಬೊ ಕಾರಿಗೆ ನ್ಯಾಯವಾದ ಬೆಲೆ ಕಟ್ಟೋರು ಯಾರು?

ಮಾನ್ಯ ಸಂಪಾದಕರೇ,

ಹಳೇ ಗಾಡಿ ಅಂದ ತಕ್ಷಣ ಹೊಗೆ, ಗುಜರಿ, ಸ್ಕ್ರ್ಯಾಪು ಅಂತಷ್ಟೇ ಮಾತು ಬರ್ತಿದೆ ಈಗ. ಆದ್ರೆ ಹಳೇ ಕಾರನ್ನ ಕಾಲಕಾಲಕ್ಕೆ ಸರ್ವಿಸ್ ಮಾಡ್ಸಿ, ಟ್ಯಾಕ್ಸ್ ಕಟ್ಟಿ, ಎಮಿಷನ್ ಟೆಸ್ಟ್ ಮಾಡ್ಸಿ ನೆಟ್ಟಗೆ ಇಟ್ಕೊಂಡಿರೋರಿಗೆ ಇನ್ಶೂರೆನ್ಸಲ್ಲಿ ಆಗ್ತಿರೋ ಅನ್ಯಾಯದ ಬಗ್ಗೆ ಯಾರೂ ಬರೀತಿಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಹಾಕಿ.

ನನ್ನ ಹತ್ರ ಇರೋದು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಈಗಿನ ಹುಡುಗ್ರಿಗೆ ಆರ್‌ಎಸ್ ಅಂದ್ರೆ ಆಮೇಲೆ ಬಂದ 230, 245 ನೆನಪಾಗುತ್ತೆ, ನಾನು ಹೇಳ್ತಿರೋದು ಇಲ್ಲಿ 2004ರಲ್ಲಿ ಬಂದ ಮೊದಲನೇದು. 1.8 ಲೀಟರ್ ಟರ್ಬೊ ಪೆಟ್ರೋಲ್, ಒಂದೊಂದು ಸಿಲಿಂಡರಿಗೆ ಐದೈದು ವಾಲ್ವು, ನಮ್ಮ ದೇಶಕ್ಕೆ ಕೊಟ್ಟಿದ್ದು 150 ಹಾರ್ಸ್‌ಪವರ್, ಯುರೋಪಲ್ಲಿ 180 ಇತ್ತು. ಆಡಿ ಎ4, ಆಡಿ ಟಿಟಿ, ಗಾಲ್ಫ್ ಜಿಟಿಐಗೆಲ್ಲ ಹಾಕಿದ್ದ ಎಂಜಿನ್ ಕುಟುಂಬ ಇದು. ಆ ಕಾಲದಲ್ಲಿ ನಮ್ಮ ರೋಡಲ್ಲಿ ಪೆಟ್ರೋಲ್ ಟರ್ಬೊ ಅನ್ನೋದೇ ಅಪರೂಪ. ಹೋಂಡಾ ಸಿಟಿ ವಿಟೆಕ್, ಪಾಲಿಯೋ 1.6, ಐಕಾನ್ 1.6, ಲ್ಯಾನ್ಸರ್, ಸೀಡಿಯಾ, ಇವೆಲ್ಲ ಒಂದೇ ತಲೆಮಾರಿನ ಗಾಡಿಗಳು, ಕೋಟಿಗಟ್ಟಲೆ ಇರೋರು ಇಂಪೋರ್ಟ್ ಮಾಡ್ಸಿಕೊಂಡವಲ್ಲ, ಸಂಬಳದವರು, ಸಣ್ಣ ಬಿಸಿನೆಸ್‌ನವರು, ಕಾಫಿ ತೋಟದವರು ಲೋನ್ ಮಾಡಿ ಆಸೆಪಟ್ಟು ತಗೊಂಡಿದ್ದು. ಅದ್ರಲ್ಲಿ ಬಹಳಷ್ಟು ಆಗ್ಲೇ ಗುಜರಿಗೆ ಹೋಗಿವೆ, ಉಳಿದಿರೋದು ಯಾರೋ ಒಬ್ರು ಹಠ ಹಿಡಿದು ಉಳಿಸಿಕೊಂಡಿರೋದ್ರಿಂದ.

ಇಟ್ಕೊಳ್ಳೋದು ಸುಲಭ ಅಂತ ನಾನು ಹೇಳಲ್ಲ. ಟೈಮಿಂಗ್ ಬೆಲ್ಟು ವಾಟರ್ ಪಂಪು ಒಟ್ಟಿಗೇ ಬದಲಾಯಿಸ್ಲೇಬೇಕು, ಬೆಲ್ಟ್ ಕಿತ್ರೆ ವಾಲ್ವ್ ಬಗ್ಗಿ ಎಂಜಿನ್ನೇ ಬಿಚ್ಬೇಕಾಗುತ್ತೆ. ಇಗ್ನಿಶನ್ ಕಾಯಿಲ್ ಯಾವಾಗ ಕೈ ಕೊಡುತ್ತೆ ಗೊತ್ತಾಗಲ್ಲ, ಅದಕ್ಕೇ ಡಿಕ್ಕಿಯಲ್ಲಿ ಒಂದು ಸ್ಪೇರ್ ಇಟ್ಕೊಂಡೇ ಲಾಂಗ್ ಡ್ರೈವ್ ಹೋಗ್ಬೇಕು. ಟರ್ಬೊ ಸುತ್ತಮುತ್ತ ಇರೋ ರಬ್ಬರ್ ಪೈಪುಗಳು 20 ವರ್ಷದ ಬಿಸಿಗೆ ಒಣಗಿ ಬಿರುಕು ಬಿಡ್ತವೆ, ಒಂದು ಕಡೆ ಗಾಳಿ ಲೀಕ್ ಆದ್ರೂ ಬೂಸ್ಟ್, ಅಂದ್ರೆ ಟರ್ಬೊ ಕೊಡೋ ಎಕ್ಸ್‌ಟ್ರಾ ಎಳೆತ ಸಿಗಲ್ಲ, ಎಲ್ಲಿ ಲೀಕು ಅಂತ ಹುಡುಕೋ ತಾಳ್ಮೆ ಇರೋ ಮೆಕ್ಯಾನಿಕ್ಕು ಸಿಗೋದೇ ಕಷ್ಟ. ಬೆಂಗಳೂರು ಜೆ.ಸಿ. ರೋಡಲ್ಲಿ ಒಂದಷ್ಟು ಪಾರ್ಟ್ಸ್ ಸಿಗುತ್ತೆ, ಶಿವಾಜಿನಗರದ ಗುಜರಿಯಲ್ಲಿ ಒಂದಷ್ಟು, ಮಿಕ್ಕಿದ್ದನ್ನ ಹೊರದೇಶದಿಂದ ತರಿಸ್ಕೊಂಡು ಕಸ್ಟಮ್ಸ್ ಕಟ್ಬೇಕು. ಅದೆಲ್ಲ ನಾವೇ ಒಪ್ಕೊಂಡು ಹೊತ್ತಿರೋ ಖರ್ಚು, ಅದರ ಬಗ್ಗೆ ದೂರಿಲ್ಲ.

ಈಗ ಅದರ ಜೊತೆಗೆ ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್ ಬಂದಿದೆ. 2025ರ ಆಗಸ್ಟಲ್ಲಿ ಇ20 ಹಾಕಿದ್ರೆ ಇನ್ಶೂರೆನ್ಸ್ ಹೋಗುತ್ತೆ ಅಂತ ವಾಟ್ಸಾಪಲ್ಲೆಲ್ಲ ಓಡಾಡ್ತು, ಪೆಟ್ರೋಲಿಯಂ ಸಚಿವಾಲಯದವರು ಹಾಗೇನಿಲ್ಲ, ಪಾಲಿಸಿಗೆ ತೊಂದರೆ ಇಲ್ಲ ಅಂತ ಸ್ಪಷ್ಟನೆ ಕೊಟ್ರು, ಒಳ್ಳೇದಾಯ್ತು. ಅದರ ಜೊತೆಗೇ ಹಳೇ ಗಾಡಿಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಆದ್ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸ್ಬೇಕಾಗಬಹುದು ಅಂತಾನೂ ಅವರೇ ಹೇಳಿದ್ರು. ಆ ಖರ್ಚನ್ನ ಯಾವ ಮೋಟಾರ್ ಪಾಲಿಸಿನೂ ಕೊಡಲ್ಲ, ಯಾಕಂದ್ರೆ ಸವೆತ ಮತ್ತೆ ಮೆಕ್ಯಾನಿಕಲ್ ಬ್ರೇಕ್‌ಡೌನ್ ಮೊದಲಿಂದಾನೂ ಪಾಲಿಸಿಯಿಂದ ಹೊರಗೇ ಇದೆ. ಹಂಗಾಗಿ ಪಾಲಿಸಿ ಊರ್ಜಿತ ಅನ್ನೋದು ನಿಜ, ಆದ್ರೆ ಫ್ಯೂಯಲ್ ಪೈಪ್ ಹಾಳಾದ್ರೆ ದುಡ್ಡು ಮಾತ್ರ ನಮ್ಮ ಜೇಬಿಂದಾನೇ.

ಇನ್ನು ಮುಖ್ಯ ವಿಷಯಕ್ಕೆ ಬರ್ತೀನಿ.

ಪಾಲಿಸಿಯಲ್ಲಿ ಐಡಿವಿ ಅಂತ ಒಂದು ಅಂಕಿ ಇರುತ್ತೆ, ಕಾರು ಕಳುವಾದ್ರೆ ಅಥ್ವಾ ಪೂರ್ತಿ ಹಾಳಾದ್ರೆ ಕಂಪನಿ ಕೊಡೋ ಗರಿಷ್ಠ ದುಡ್ಡು ಅದು. ಹೊಸ ಕಾರಿಗೆ ಇದರ ಲೆಕ್ಕ ಪಟ್ಟಿಯಲ್ಲೇ ಇದೆ, ಆರು ತಿಂಗಳೊಳಗೆ 5 ಪರ್ಸೆಂಟ್, ಒಂದು ವರ್ಷದವರೆಗೆ 15, ಹಂಗೇ ಏರ್ತಾ ಹೋಗಿ ನಾಲ್ಕರಿಂದ ಐದು ವರ್ಷಕ್ಕೆ 50 ಪರ್ಸೆಂಟ್ ಕಡಿತ. ಐದು ವರ್ಷ ದಾಟಿದ ಗಾಡಿಗೆ ಪಟ್ಟಿನೇ ಇಲ್ಲ. ಕಂಪನಿ ಮತ್ತೆ ಗಾಡಿ ಮಾಲೀಕ ಇಬ್ರೂ ಕೂತು ಒಪ್ಪಂದದಿಂದ ಬೆಲೆ ನಿಗದಿ ಮಾಡ್ಕೊಳ್ಬೇಕು ಅಂತ ಮೋಟಾರ್ ಟಾರಿಫಲ್ಲಿ, ಅಂದ್ರೆ ಗಾಡಿ ಇನ್ಶೂರೆನ್ಸಿನ ನಿಯಮಾವಳಿಯಲ್ಲಿ ಬರೆದಿದೆ, ಕಾರು ಕಂಪನಿ ತಯಾರಿಸೋದು ನಿಲ್ಲಿಸಿಬಿಟ್ಟ ಮಾಡೆಲ್‌ಗೂ ಅದೇ ನಿಯಮ. ಇದು ಬಹಳ ಜನಕ್ಕೆ ಗೊತ್ತಿಲ್ಲ ಸಾರ್. ಈಗ ಆಗ್ತಿರೋದೇನು ಅಂದ್ರೆ, ರಿನ್ಯೂವಲ್‌ಗೆ ಮೊಬೈಲಿಗೆ ಒಂದು ಲಿಂಕ್ ಬರುತ್ತೆ, ಅದ್ರಲ್ಲಿ ಬೆಲೆ ಆಗ್ಲೇ ತುಂಬಿರುತ್ತೆ, ಹೋದ ವರ್ಷಕ್ಕಿಂತ ಇಷ್ಟು ಕಮ್ಮಿ ಅಂತ ಸಾಫ್ಟ್‌ವೇರೇ ಇಳಿಸಿರುತ್ತೆ, ಮೇಲೆ ಕೆಳಗೆ ಮಾಡೋಕೆ ಚೂರು ಜಾಗ ಬಿಟ್ಟಿರ್ತಾರೆ ಅಷ್ಟೇ. ಕಾರನ್ನ ಯಾರೂ ಬಂದು ನೋಡಲ್ಲ, ಬಿಲ್ಲು ಕೇಳಲ್ಲ, ಕೆಳಗಡೆ ತುಕ್ಕು ಹಿಡಿದಿದ್ಯಾ, ಎಂಜಿನ್ ಓವರ್‌ಹಾಲ್ ಆಗಿದ್ಯಾ ಯಾವುದೂ ಬೇಕಿಲ್ಲ. ಚಕ್ರ ಇಲ್ದೆ ಗದ್ದೆ ಬದೀಲಿ ನಿಂತಿರೋ ಆರ್‌ಎಸ್‌ಗೂ ನನ್ನ ಕಾರಿಗೂ ಅವರ ಕಂಪ್ಯೂಟರಲ್ಲಿ ಒಂದೇ ರೇಟು.

ಇದರ ಪರಿಣಾಮ ನನಗೇ ಆಗಿದೆ. ನೆಲಮಂಗಲದ ಹತ್ರ ಟೋಲ್ ಕ್ಯೂನಲ್ಲಿ ನಿಂತಿದ್ದಾಗ ಹಿಂದಿಂದ ಒಂದು ಗೂಡ್ಸ್ ಗಾಡಿ ಬಂದು ಗುದ್ದಿತು. ಬಂಪರ್, ಎರಡೂ ಟೈಲ್ ಲ್ಯಾಂಪ್, ಡಿಕ್ಕಿ ಡೋರು, ಹಿಂದಿನ ಪ್ಯಾನೆಲ್ ಹೋಯ್ತು, ಎಂಜಿನ್ನು ಗೇರ್‌ಬಾಕ್ಸು ಸಸ್ಪೆನ್ಷನ್ನು ಏನೂ ಆಗಿಲ್ಲ, ಅದೇ ಗಾಡೀನ ಓಡಿಸ್ಕೊಂಡೇ ಗ್ಯಾರೇಜಿಗೆ ಹೋದೆ. ಪಾರ್ಟ್ಸು ಲೇಬರು ಪೇಂಟು ಸೇರಿ ಒಂದೂ ಮುಕ್ಕಾಲು ಲಕ್ಷದ ಎಸ್ಟಿಮೇಟ್ ಆಯ್ತು. ನನ್ನ ಐಡಿವಿ 1,10,000. ನಿಯಮ ಏನಂದ್ರೆ ಪಾಲಿಸಿ ಪ್ರಕಾರ ಕಂಪನಿ ಕೊಡಬೇಕಾದ ರಿಪೇರಿ ಖರ್ಚು ಐಡಿವಿಯ 75 ಪರ್ಸೆಂಟ್ ದಾಟಿದ್ರೆ ಗಾಡಿ ಟೋಟಲ್ ಲಾಸ್, ಅಂದ್ರೆ ಪೂರ್ತಿ ಹಾಳಾದಂಗೆ ಲೆಕ್ಕ. ಹತ್ತು ವರ್ಷ ದಾಟಿದ ಗಾಡಿಗೆ ಲೋಹದ ಪಾರ್ಟ್ಸಲ್ಲೂ ಅರ್ಧ ಕಟ್, ಪ್ಲಾಸ್ಟಿಕ್ ರಬ್ಬರಲ್ಲೂ ಅರ್ಧ ಕಟ್, ಅಷ್ಟು ಕಳೆದ್ಮೇಲೂ ಲೆಕ್ಕ 82,500 ದಾಟ್ತು. ಓಡಾಡ್ತಿರೋ ಕಾರು ಒಂದು ಫೈಲಲ್ಲಿ ಸತ್ತುಹೋಯ್ತು ಅಂತ ಬರೆದ್ರು. ನಷ್ಟ ಅಂದಾಜು ಮಾಡೋಕೆ ಬಂದಿದ್ದ ಸರ್ವೇಯರ್ ಒಳ್ಳೆ ಮನುಷ್ಯ, ಬಾನೆಟ್ ತೆಗೆದು ನೋಡಿ ಇಷ್ಟು ಕ್ಲೀನಾಗಿರೋ ಗಾಡಿ ನೋಡಿಲ್ಲ ಅಂದ್ರು, ಆದ್ರೆ ಬೆಲೆ ಅವರ ಕೈಯಲ್ಲಿಲ್ಲ, ಪಾಲಿಸಿಯಲ್ಲಿ ಬರೆದಿರೋದೇ ಬೆಲೆ. ಕಾರನ್ನ ಅವರಿಗೇ ಬಿಟ್ಟು ದುಡ್ಡು ತಗೋ, ಇಲ್ಲಾಂದ್ರೆ ಗುಜರಿ ಬೆಲೆ ಮುರಿದು ಮಿಕ್ಕಿದ್ದು ತಗೊಂಡು ಕಾರು ಇಟ್ಕೋ ಅಂದ್ರು. ನಾನು ಇಟ್ಕೊಂಡೆ, ಮಿಕ್ಕ ದುಡ್ಡು ಒಂದು ಲಕ್ಷಕ್ಕೂ ಮೇಲೆ ಕೈಯಿಂದ ಹಾಕ್ದೆ. ಚೆನ್ನಾಗಿರೋ ಆರ್‌ಎಸ್ ಒಂದು ಹುಡುಕಿ ತಗೊಳ್ತೀನಿ ಅಂದ್ರೆ 1,10,000ಕ್ಕೆ ಎಲ್ಲೂ ಸಿಗಲ್ಲ, ಇದು ಆ ಕಂಪನಿಯವರಿಗೂ ಗೊತ್ತು.

ಗುದ್ದಿದವನ ಥರ್ಡ್ ಪಾರ್ಟಿ ಇನ್ಶೂರೆನ್ಸಿಂದ ತಗೋಬಹುದಿತ್ತಲ್ಲ ಅಂತ ಕೇಳ್ತಾರೆ. ಕಾನೂನಲ್ಲಿ ದಾರಿ ಇದೆ, ಅದಕ್ಕೆ ಎಫ್‌ಐಆರ್ ಆಗಿ, ಮೋಟಾರು ಅಪಘಾತ ಟ್ರಿಬ್ಯೂನಲ್ಲಿಗೆ ಅರ್ಜಿ ಹಾಕಿ, ವಕೀಲರನ್ನ ಇಟ್ಟು ವರ್ಷಗಟ್ಟಲೆ ಓಡಾಡ್ಬೇಕು. ಅಲ್ಲಿ ಕೈ ಕಾಲು ಕಳ್ಕೊಂಡೋರು, ಮನೆಯವರನ್ನ ಕಳ್ಕೊಂಡೋರು ಪರಿಹಾರಕ್ಕೆ ಕಾಯ್ತಾ ಕೂತಿರ್ತಾರೆ, ಬಂಪರ್‌ಗೋಸ್ಕರ ಅವರ ಸಾಲಲ್ಲಿ ನಿಲ್ಲೋಕೆ ನನಗೆ ಮನಸ್ಸಾಗ್ಲಿಲ್ಲ.

ಪ್ರೀಮಿಯಂ ವಿಷಯಕ್ಕೆ ಬಂದ್ರೆ, 1500 ಸಿಸಿ ಮೇಲಿನ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ 2022ರ ಜೂನಿಂದ 7,897 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ವೈಯಕ್ತಿಕ ಹೆಲ್ತ್ ಮತ್ತೆ ಲೈಫ್ ಪಾಲಿಸಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ತೆಗೆದ್ರು, ಕಾನೂನೇ ಕಡ್ಡಾಯ ಮಾಡಿರೋ ಮೋಟಾರ್ ಪಾಲಿಸಿಗೆ ತೆಗೀಲಿಲ್ಲ. ಇರ್ಲಿ, ಥರ್ಡ್ ಪಾರ್ಟಿ ಅನ್ನೋದು ರೋಡಲ್ಲಿರೋ ಬೇರೆಯವರ ಜೀವದ ವಿಷಯ, 150 ಹಾರ್ಸ್‌ಪವರ್ ಓಡ್ಸೋನು ಅದನ್ನ ಮನಸಾರೆ ಕಟ್ಬೇಕು, ಕಟ್ತೀನಿ. ಪವರ್ ಜಾಸ್ತಿ ಮಾಡೋಕೆ ಎಂಜಿನ್ ಕಂಪ್ಯೂಟರ್ ಸೆಟ್ಟಿಂಗ್ ಬದಲಾಯಿಸಿ (ರೀಮ್ಯಾಪ್), ದೊಡ್ಡ ಎಕ್ಸಾಸ್ಟ್ ಹಾಕ್ಸಿ ಕಂಪನಿಗೆ ತಿಳಿಸ್ದೆ ಓಡಾಡೋರನ್ನೂ ನಾನು ಸಮರ್ಥಿಸಲ್ಲ, ಅದು ಕ್ಲೇಮಿಗೂ ಕುತ್ತು, ಕಾನೂನಿಗೂ ವಿರುದ್ಧ. ಆದ್ರೆ ಸ್ವಂತ ಗಾಡಿಗೆ ಕಟ್ಟೋ ಓನ್ ಡ್ಯಾಮೇಜ್ ಭಾಗದಲ್ಲಿ ನಮಗೆ ಏನು ಸಿಗ್ತಿದೆ ಅನ್ನೋದೇ ಪ್ರಶ್ನೆ. ಕೆಲವು ಕಂಪನಿಗಳು 15 ವರ್ಷ ದಾಟಿದ್ರೆ ಓನ್ ಡ್ಯಾಮೇಜ್ ಕೊಡೋದೇ ಇಲ್ಲ. ಪಾರ್ಟ್ಸ್ ಬೆಲೆಯಲ್ಲಿ ಸವಕಳಿ ಕಟ್ ಮಾಡ್ದೆ ಕೊಡೋ ಝೀರೊ ಡೆಪ್ ಸಾಮಾನ್ಯವಾಗಿ ಹೊಸ ಗಾಡಿಗಳಿಗೆ ಮಾತ್ರ. ಎಂಜಿನ್ ಪ್ರೊಟೆಕ್ಷನ್ನೂ ಹಂಗೇ. 2022ರ ಸೆಪ್ಟೆಂಬರಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡು, ಬೆಳ್ಳಂದೂರು ಕಡೆ ನೀರು ನುಗ್ಗಿದಾಗ ನೋಡಿದ್ವಲ್ಲ, ನೀರು ಕುಡಿದ ಎಂಜಿನ್ ಸ್ಟಾರ್ಟ್ ಮಾಡಿ ಕೆಟ್ರೆ ಮಾಮೂಲಿ ಪಾಲಿಸಿ ಕೊಡಲ್ಲ, ಆ ಆಡ್-ಆನ್ ಹಳೇ ಗಾಡಿಗೆ ಸಿಗಲ್ಲ.

ಸರ್ಕಾರದ ಲೆಕ್ಕದಲ್ಲಿ ನಾವು ಎಲ್ಲೂ ಸೇರಲ್ಲ ಅನ್ನೋದು ಇನ್ನೊಂದು ಸಂಕಟ. 2021ರಲ್ಲಿ ಬಂದ ವಿಂಟೇಜ್ ರಿಜಿಸ್ಟ್ರೇಷನ್ ನಿಯಮದಲ್ಲಿ 50 ವರ್ಷ ದಾಟಿರ್ಬೇಕು, ಅದಕ್ಕೆ ವಿಎ ಅಂತ ಬೇರೆ ನಂಬರ್ ಪ್ಲೇಟು, ಥರ್ಡ್ ಪಾರ್ಟಿ ಪ್ರೀಮಿಯಮ್ಮಲ್ಲಿ ಅರ್ಧ ರಿಯಾಯಿತಿ. ಇನ್ಶೂರೆನ್ಸಿನ ಹಳೇ ಟಾರಿಫಲ್ಲಿ ಮೊದಲೇ ಒಪ್ಪಿಕೊಂಡ ಬೆಲೆ ಕೊಡೋ ಪಾಲಿಸಿ ಇದ್ದಿದ್ದು ವಿಂಟೇಜ್ ಕಾರಿಗೆ ಮಾತ್ರ, ಅಂದ್ರೆ 1940ರ ಡಿಸೆಂಬರ್ 31ಕ್ಕೂ ಮುಂಚೆ ತಯಾರಾಗಿರೋದಕ್ಕೆ, ಅದಕ್ಕೂ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಸರ್ಟಿಫಿಕೇಟ್ ಬೇಕು. ನನ್ನ ಕಾರಿಗೆ 50 ತುಂಬೋದು 2055ಕ್ಕೆ. ಜರ್ಮನಿಯಲ್ಲಿ 30 ವರ್ಷಕ್ಕೇ ಐತಿಹಾಸಿಕ ವಾಹನ ಅಂತ ಪ್ರತ್ಯೇಕ ಪ್ಲೇಟ್ ಕೊಡ್ತಾರೆ. ಇಲ್ಲಿ 20 ದಾಟಿದ ತಕ್ಷಣ ರಿಜಿಸ್ಟ್ರೇಷನ್ ನವೀಕರಣದ ಶುಲ್ಕ 2025ರ ಆಗಸ್ಟಿನ ಅಧಿಸೂಚನೆ ಪ್ರಕಾರ ಕಾರಿಗೆ 10,000, ಇಂಪೋರ್ಟೆಡ್ ಆದ್ರೆ 80,000. ಶುಲ್ಕ ಕಟ್ಟೋಣ, ಫಿಟ್‌ನೆಸ್ ಟೆಸ್ಟ್ ಕಟ್ಟುನಿಟ್ಟಾಗಿ ಮಾಡ್ಲಿ, ಫೇಲಾದ ಗಾಡಿ ರೋಡಿಂದ ಇಳೀಲಿ. ಆದ್ರೆ ಅದೇ ಟೆಸ್ಟಲ್ಲಿ ಪಾಸಾಗಿ, ಹತ್ತು ಸಾವಿರ ಕಟ್ಟಿ ಇನ್ನೂ ಐದು ವರ್ಷ ಓಡಿಸ್ಬಹುದು ಅಂತ ಸರ್ಕಾರಾನೇ ಆರ್‌ಸಿ ಕೊಟ್ಮೇಲೆ, ಆ ಗಾಡಿಗೆ ಬೆಲೆನೇ ಇಲ್ಲ ಅನ್ನೋ ಹಾಗೆ ಇನ್ಶೂರೆನ್ಸ್ ಕಂಪನಿ ನಡ್ಕೊಳ್ಳೋದು ಯಾವ ನ್ಯಾಯ?

ನಾವು ಕೇಳ್ತಿರೋದು ದಾನ ಅಲ್ಲ, ರಿಯಾಯಿತಿನೂ ಅಲ್ಲ. 15 ವರ್ಷದಿಂದ 50 ವರ್ಷದೊಳಗಿನ, ಒರಿಜಿನಲ್ಲಾಗಿ ಚೆನ್ನಾಗಿಟ್ಟಿರೋ ಗಾಡಿಗಳಿಗೆ ಮೊದಲೇ ಒಪ್ಪಿದ ಬೆಲೆಯ ಪಾಲಿಸಿ ಒಂದನ್ನ ಇನ್ಶೂರೆನ್ಸ್ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ತರ್ಬೇಕು. ಲೈಸೆನ್ಸ್ ಇರೋ ಸರ್ವೇಯರ್ ಬಂದು ಗಾಡಿ ನೋಡ್ಲಿ, ಫೋಟೋ ತೆಗೀಲಿ, ಬಿಲ್ಲು ನೋಡ್ಲಿ, ಅವರ ಫೀಸು ನಾವೇ ಕೊಡ್ತೀವಿ, ಬೆಲೆ ಜಾಸ್ತಿ ಆದ್ರೆ ಪ್ರೀಮಿಯಮ್ಮೂ ಜಾಸ್ತಿ ಕಟ್ತೀವಿ. ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಅಂತ ಮಿತಿ ಹಾಕ್ಲಿ, ಇಂಥ ಗಾಡಿಗಳು ಭಾನುವಾರ ಬೆಳಿಗ್ಗೆ ಬಿಟ್ರೆ ಬಹುಪಾಲು ಶೆಡ್ಡಲ್ಲೇ ಇರ್ತವೆ. ಬ್ರಿಟನ್ನಲ್ಲಿ ಇಂಥ ಪಾಲಿಸಿ ಎಷ್ಟೋ ವರ್ಷದಿಂದ ಮಾಮೂಲು. ನಮ್ಮಲ್ಲೂ 2022ರ ಜುಲೈನಲ್ಲೇ, ಓಡಿಸಿದಷ್ಟಕ್ಕೆ ಪ್ರೀಮಿಯಂ ಕಟ್ಟೋ ಆಡ್-ಆನ್‌ಗಳಿಗೆ ಐಆರ್‌ಡಿಎಐ ಒಪ್ಪಿಗೆ ಕೊಟ್ಟಿದೆ, ಅದನ್ನ ಹಳೇ ಗಾಡಿಗೂ ವಿಸ್ತರಿಸಿದ್ರೆ ಅರ್ಧ ಕೆಲಸ ಆದಂಗೆ. ಕಂಪನಿಗೂ ಲಾಭ, ಯಾಕಂದ್ರೆ ಇವತ್ತು ಇಂಥ ಎಷ್ಟೋ ಜನ ಬೇಸತ್ತು ಬರೀ ಥರ್ಡ್ ಪಾರ್ಟಿ ಮಾಡ್ಸಿ ಸುಮ್ಮನಾಗಿದ್ದಾರೆ, ಅವರೆಲ್ಲ ವಾಪಸ್ ಬರ್ತಾರೆ.

ಅಲ್ಲಿವರೆಗೆ ಹಳೇ ಗಾಡಿ ಇರೋರು ರಿನ್ಯೂವಲ್ ಲಿಂಕ್ ಒತ್ತೋಕೆ ಮುಂಚೆ ಕಂಪನಿಗೆ ಒಂದು ಇಮೇಲ್ ಹಾಕಿ, ಐದು ವರ್ಷ ದಾಟಿದ ಗಾಡಿಯ ಐಡಿವಿ ಇಬ್ಬರ ಒಪ್ಪಿಗೆಯಿಂದ ಆಗ್ಬೇಕು, ಬಂದು ಇನ್ಸ್‌ಪೆಕ್ಷನ್ ಮಾಡಿ ಅಂತ ಬರವಣಿಗೆಯಲ್ಲೇ ಕೇಳಿ, ಫೋಟೋ ಮತ್ತೆ ಸರ್ವಿಸ್ ಬಿಲ್ ಜೊತೆಗೆ ಲಗತ್ತಿಸಿ. ಉತ್ತರ ಬರ್ದಿದ್ರೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲಲ್ಲಿ ದೂರು ಹಾಕಬಹುದು, ಇಂಥ ದೂರು ವಿಚಾರಿಸೋ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಕಚೇರಿ ಬೆಂಗಳೂರಲ್ಲೇ ಇದೆ. ಕ್ಲೇಮ್ ಆದ್ಮೇಲೆ ಬೆಲೆ ಬಗ್ಗೆ ವಾದ ಮಾಡಿ ಗೆಲ್ಲೋದು ತುಂಬ ಕಷ್ಟ, ಪಾಲಿಸಿ ಶುರು ಆಗೋಕೆ ಮುಂಚೆನೇ ಕೇಳ್ಬೇಕು. ನಿಮ್ಮ ಪತ್ರಿಕೆಯ ವರದಿಗಾರರು ಈ ಒಂದು ಪ್ರಶ್ನೆನ ಇನ್ಶೂರೆನ್ಸ್ ಕಂಪನಿಗಳಿಗೂ ಐಆರ್‌ಡಿಎಐಗೂ ನೇರವಾಗಿ ಕೇಳಿ, ಅವರ ಉತ್ತರ ಪ್ರಕಟಿಸ್ಬೇಕು ಅಂತ ಕೈ ಮುಗಿದು ಕೇಳ್ಕೊಳ್ತೀನಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ,
ತುಮಕೂರು