ಅಂಗನವಾಡಿಗೆ ಟಿವಿ ಬೇಡ, ಮಕ್ಕಳ ಜತೆ ಮಾತಾಡಲು ಪುರುಸೊತ್ತಿರುವ ಟೀಚರ್ ಬೇಕು

ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ, ಉಡುಪಿಯಿಂದ ನಮಸ್ಕಾರ.

ಕೇಂದ್ರದ ಸಕ್ಷಮ್ ಅಂಗನವಾಡಿ ಯೋಜನೆ ಇದೆಯಲ್ಲ, ಅದರಲ್ಲಿ ನೀರಿನ ಫಿಲ್ಟರ್ ಜತೆಗೆ ವೈಫೈ, ಎಲ್‌ಇಡಿ ಪರದೆ ಕೂಡ ಸೇರಿದೆ. ಫಿಲ್ಟರ್ ಖಂಡಿತ ಕೊಡಿ. ಪರದೆ ಮಾತ್ರ ನಮ್ಮ ಮಕ್ಕಳಿಗೆ ಬೇಡ ಅಂತ ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಅಲ್ಲಿ ಕೂರುವುದು ಮೂರರಿಂದ ಆರು ವರ್ಷದ ಮಕ್ಕಳು. ಎರಡರಿಂದ ನಾಲ್ಕು ವರ್ಷದವರು ಪರದೆ ನೋಡುವುದು ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಮ್ಮದೇ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಎರಡು ವರ್ಷದೊಳಗೆ ಪರದೆ ತೋರಿಸಲೇಬೇಡಿ, ಐದರವರೆಗೆ 1 ಗಂಟೆ ಮೀರಬೇಡಿ ಅನ್ನುತ್ತದೆ. ಎಷ್ಟೋ ಮನೆಗಳಲ್ಲಿ ಆ ಒಂದು ಗಂಟೆ ಬೆಳಗಿನ ತಿಂಡಿ ಹೊತ್ತಿಗೇ ಮುಗಿದಿರುತ್ತದೆ.

ಊಟ ಮಾಡಿಸುವಾಗ ಒಮ್ಮೆ ನೋಡಿ ಮೇಡಂ. ಲೋಟಕ್ಕೆ ಒರಗಿಸಿಟ್ಟ ಫೋನು, ಅದರ ಮೇಲೇ ಮಗುವಿನ ಕಣ್ಣು. ಬಾಯಿ ತಾನಾಗಿ ತೆರೆಯುತ್ತದೆ, ಅಮ್ಮ ಗಂಜಿ ಹಾಕುತ್ತಾಳೆ. ನಡುವೆ ಜಾಹೀರಾತು ಬಂದರೆ ಅಗಿಯುವುದೂ ನಿಲ್ಲುತ್ತದೆ. "ಖಾರ ಉಂಟಾ? ನೀರು ಬೇಕಾ?" ಅಂತ ಕೇಳುವವರೂ ಇಲ್ಲ, ಕೇಳಿದರೂ ಮಗು ತಿರುಗುವುದಿಲ್ಲ. ಚಿಕ್ಕ ಮಗು ಮಾತು ಕಲಿಯುವುದು ಇಂಥ ಹೊತ್ತಿನಲ್ಲೇ ಅಲ್ವಾ? ಅದು ಏನೋ ಸದ್ದು ಮಾಡಿದಾಗ ಎದುರಿದ್ದವರು ಓ ಅನ್ನಬೇಕು, ಅದು ಬೆರಳು ತೋರಿಸಿದ ಕಡೆ ಅವರೂ ನೋಡಿ "ಹೌದು ಪುಟ್ಟಾ, ಕಾಗೆ" ಅನ್ನಬೇಕು, ಆಮೇಲೆ ಮಗು ಮತ್ತೆ ಏನೋ ಅನ್ನುವವರೆಗೆ ಕಾಯಬೇಕು. ವಿಡಿಯೋ ಎಷ್ಟೇ ಚೆಂದ ಇರಲಿ, ಅದು ಕಾಯುವುದಿಲ್ಲ. ದುಬೈಯಲ್ಲಿರುವ ಅಪ್ಪ ವಿಡಿಯೋ ಕಾಲ್‌ನಲ್ಲಿ ಮಾತಾಡಿಸುವುದು ಬೇರೆ ವಿಷಯ, ಅಲ್ಲಿ ಉತ್ತರ ಕೊಡುವ ಮನುಷ್ಯ ಇದ್ದಾನೆ.

ಇದಕ್ಕೆಲ್ಲ ಅಮ್ಮಂದಿರನ್ನು ಬೈಯುವವರೇ ಜಾಸ್ತಿ. ಸಂಜೆಯೊಳಗೆ ಬೀಡಿ ಕಟ್ಟಿ ಕಂಪನಿ ಬ್ರಾಂಚಿಗೆ ಮುಟ್ಟಿಸಬೇಕಾದವಳು, ಗೇರುಬೀಜ ಫ್ಯಾಕ್ಟರಿಯಿಂದ ಬಂದು ಅಡುಗೆಗೆ ನಿಲ್ಲುವವಳು ಮಗುವನ್ನು ಯಾರ ಕೈಗೆ ಕೊಡಬೇಕು? ಅಂಗಳಕ್ಕೆ ಬಿಡೋಣ ಅಂದರೆ ಜೂನ್‌ನಿಂದ ನಮ್ಮಲ್ಲಿ ಬಿಡದೆ ಮಳೆ. ಫೋನ್ ಕೊಡಬೇಡಿ ಅಂತ ಪೋಸ್ಟರ್ ಅಂಟಿಸಿದರೆ ಅವಳ ಕೆಲಸ ಕಡಿಮೆಯಾಗುವುದಿಲ್ಲ. ದಿನಕ್ಕೆ ಕೆಲವು ಗಂಟೆಯಾದರೂ ಮಗು ಮನುಷ್ಯರ ಜತೆ ಆಡಿ ಮಾತಾಡಿ ಬರಲು ಅವಳಿಗೆ ಹತ್ತಿರ ಇರುವುದು ಅಂಗನವಾಡಿ ಒಂದೇ.

ಅಲ್ಲಿಯೂ ಈಗ ಟೀಚರ್ ಕೈಯಲ್ಲಿ ಫೋನು! 2021ರಲ್ಲಿ ಪೋಷಣ್ ಟ್ರ್ಯಾಕರ್ ಅನ್ನುವ ಕೇಂದ್ರದ ಮೊಬೈಲ್ ಆ್ಯಪ್ ಬಂದ ಮೇಲೆ ಹಾಜರಿ, ತೂಕ, ಎತ್ತರ, ಆಹಾರ ಹಂಚಿದ್ದು ಎಲ್ಲವನ್ನೂ ಅದಕ್ಕೇ ತುಂಬಬೇಕು. ನೆಟ್‌ವರ್ಕ್ ಸಿಗದಿದ್ದರೆ ಬಾಗಿಲಿಗೆ ಬಂದು ಫೋನ್ ಮೇಲೆತ್ತಿ ನಿಲ್ಲುತ್ತಾರೆ, ಒಳಗೆ ಮಗುವೊಂದು ಸೆರಗು ಜಗ್ಗುತ್ತಾ "ಟೀಚರ್, ಟೀಚರ್" ಅನ್ನುತ್ತಿರುತ್ತದೆ. ಇದು ಟೀಚರ್ ತಪ್ಪಲ್ಲ. ಆದರೆ ಆ ಕೋಣೆಗೆ ಟಿವಿಯೂ ಬಂದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಮಕ್ಕಳು ಟಿವಿ ನೋಡುತ್ತಾರೆ, ಟೀಚರ್ ಫೋನ್ ನೋಡುತ್ತಾರೆ.

ಇನ್ನೊಂದು ಮಾತು. ನಮ್ಮ ಕಡೆ ಒಂದೇ ಮನೆಯಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ ಎಲ್ಲ ಓಡಾಡುತ್ತವೆ. ಮಗುವಿಗೆ ಮಾತು ತಡವಾದರೆ ಮೊದಲು ಬೈಗುಳ ಬೀಳುವುದು ಅಜ್ಜಿಯ ತುಳುವಿಗೆ. "ಭಾಷೆ ಮಿಕ್ಸ್ ಆಗಿ ಕನ್ಫ್ಯೂಸ್ ಆಗಿದೆ, ಒಂದೇ ಮಾತಾಡಿ" ಅಂತಾರೆ. ಹಲವು ಭಾಷೆ ಕೇಳಿ ಬೆಳೆದದ್ದಕ್ಕೆ ಮಾತು ಬರಲಿಲ್ಲ ಅನ್ನುವುದಕ್ಕೆ ಆಧಾರವೇ ಇಲ್ಲ. ಹಾಗೆ ಹೇಳಿ ಮನೆಯಲ್ಲಿ ಮಗುವಿನ ಜತೆ ಅತಿ ಹೆಚ್ಚು ಮಾತಾಡುತ್ತಿದ್ದ ಅಜ್ಜಿಯ ಬಾಯಿ ಮುಚ್ಚಿಸುತ್ತೇವೆ, ಕಾರ್ಟೂನ್ ಮಾತ್ರ ಓಡುತ್ತಲೇ ಇರುತ್ತದೆ.

ಹಾಗಂತ ಎಲ್ಲದಕ್ಕೂ ಫೋನೇ ಕಾರಣ ಅಂತ ಕೂರುವುದೂ ಅಪಾಯ. ಕಿವಿ ಸರಿಯಾಗಿ ಕೇಳಿಸದೆಯೂ ಮಾತು ತಡವಾಗಬಹುದು, ಆಟಿಸಂ ಇರಬಹುದು. "ಅವನಪ್ಪನಿಗೂ ಮಾತು ಲೇಟು, ಬರ್ತದೆ ಬಿಡಿ" ಅಂತ ಕಾಯುತ್ತಾ ಒಳ್ಳೆಯ ಕಾಲ ಕಳೆದುಹೋಗುತ್ತದೆ. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬಂದು ಬೆಳವಣಿಗೆಯ ತೊಂದರೆಗಳನ್ನೂ ನೋಡಬೇಕು. ಅದರ ಜತೆಗೆ 16ರಿಂದ 24 ತಿಂಗಳ ಚುಚ್ಚುಮದ್ದಿಗೆ ಮಗುವನ್ನು ಕರೆತಂದಾಗ ಅಮ್ಮನನ್ನು ಒಂದೆರಡು ಪ್ರಶ್ನೆ ಕೇಳಲಿ: ಹೆಸರು ಕರೆದರೆ ತಿರುಗುತ್ತದಾ? ಬೇಕಾದ್ದಕ್ಕೆ ಬೆರಳು ತೋರಿಸುತ್ತದಾ? ಎಷ್ಟು ಮಾತು ಬಂದಿದೆ? ಫೋನ್ ಎಷ್ಟು ಹೊತ್ತು? ಅನುಮಾನ ಬಂದರೆ ಅವತ್ತೇ ಕಿವಿ ಪರೀಕ್ಷೆಗೆ ಬರೆದುಕೊಡಲಿ.

ಬೈಂದೂರು, ಹೆಬ್ರಿ ಕಡೆಯವರಿಗೆ ಮಗುವಿನ ಮಾತಿನ ಥೆರಪಿ ಅಂತ ಪ್ರತಿ ವಾರ ಉಡುಪಿಗೋ ಮಣಿಪಾಲಕ್ಕೋ ಬರುವುದೆಂದರೆ ಒಂದು ದಿನದ ಸಂಬಳ ಹೋಯಿತು ಅಂತಲೇ ಲೆಕ್ಕ. ಆರೋಗ್ಯ ಇಲಾಖೆಯವರ ಜತೆ ಕೂತು, ವಾರಕ್ಕೊಂದು ದಿನವಾದರೂ ವಾಕ್ ತಜ್ಞರು ಆ ತಾಲೂಕುಗಳಿಗೇ ಹೋಗುವ ಹಾಗೆ ಮಾಡಿ. ಪರದೆಗೆ ಇಟ್ಟ ದುಡ್ಡನ್ನು ಮರದ ಆಟಿಕೆ, ಚಿತ್ರದ ಪುಸ್ತಕ, ಮಳೆಗಾಲದಲ್ಲೂ ಓಡಾಡಿ ಆಡಲು ಮಾಡು ಹಾಕಿದ ಜಗಲಿಗೆ ಬಳಸಲು ಆಗುತ್ತದಾ ಅಂತ ಕೇಂದ್ರವನ್ನು ಕೇಳಿ. ಟೀಚರ್‌ಗಳು ಫೋನಿಗೆ ತುಂಬುವ ಲೆಕ್ಕವನ್ನು ಮಕ್ಕಳು ಮನೆಗೆ ಹೋದ ಮೇಲೆ, ಕೆಲಸದ ಅವಧಿಯೊಳಗೇ ಮಾಡಲು ಬಿಡಿ. ಈ ಕೊನೆಯದಕ್ಕೆ ಹೊಸ ದುಡ್ಡೂ ಬೇಕಾಗಿಲ್ಲ, ಮುಂದಿನ ತಿಂಗಳಿಂದಲೇ ಶುರು ಮಾಡಬಹುದು.

ಇಂತಿ,
ಮಗಳನ್ನು ಅಂಗನವಾಡಿಗೆ ಕಳಿಸುವ ಒಬ್ಬ ಅಮ್ಮ, ಉಡುಪಿ