ಅವ್ವನ ಗದ್ದೆಯ ಅರ್ಧ ಸಾಲು

ಕಳೆದ ಬುಧವಾರ ಮಾನಸಗಂಗೋತ್ರಿಯಲ್ಲಿ ನನ್ನ ಪಿಎಚ್‌.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಆರು ವರ್ಷಗಳ ಋಣವನ್ನು ಇಲ್ಲಿ ನೆನೆಯಬೇಕಿದೆ.

ನಾನು ಬೆಳೆಸಿದ್ದು ಬಿಸ್ಮತ್ ಸೆಲೆನೈಡ್ ಹರಳು. ಅದು ಟೊಪೊಲಾಜಿಕಲ್ ಅವಾಹಕ: ವಿದ್ಯುತ್ತು ಮೇಲ್ಮೈಯಲ್ಲಿ ಹರಿಯಬೇಕು, ಒಳಗೆ ಹರಿಯಬಾರದು. ಆದರೆ ಕುಲುಮೆಯ ಕಾವಿಗೆ ಸೆಲೆನಿಯಂ ಬೇಗ ಆವಿಯಾಗುತ್ತದೆ. ಅದು ಬಿಟ್ಟುಹೋದ ಒಂದೊಂದು ಖಾಲಿ ಜಾಗವೂ ಎರಡೆರಡು ಎಲೆಕ್ಟ್ರಾನುಗಳನ್ನು ಕೊಟ್ಟು, ಒಳಗೂ ವಿದ್ಯುತ್ತು ಹರಿಯತೊಡಗುತ್ತದೆ. ಮೊದಲ ಎರಡು ವರ್ಷ ನನ್ನ ಹರಳುಗಳೆಲ್ಲ ಹೀಗೆಯೇ ಕೆಟ್ಟವು. ಕ್ವಾರ್ಟ್ಜ್ ಕೊಳವೆಯಿಂದ ಗಾಳಿ ಹೀರಿ, ಬಾಯಿ ಕರಗಿಸಿ ಮುಚ್ಚುವುದನ್ನು ಕಲಿಸಿದ ಪ್ರಯೋಗಾಲಯದ ಅಣ್ಣನಿಗೆ, ಸೆಲೆನಿಯಂ ತುಸು ಹೆಚ್ಚೇ ಹಾಕಿ ನೋಡಲು ಹೇಳಿದ ಮಾರ್ಗದರ್ಶಕಿ ಮೇಡಂ ಅವರಿಗೆ ನಮಸ್ಕಾರ.

ಎಲ್ಲರಿಗಿಂತ ಮೊದಲು ನೆನೆಯಬೇಕಾದವಳು ಅವ್ವ. ಮನಸ್ಸು ಸೋತು ಮಂಡ್ಯದ ಕಡೆಯ ನಮ್ಮೂರಿಗೆ ಹೋಗಿದ್ದೆ. ನಾಟಿಯ ಸಮಯ. ಬದುವಿನ ಮೇಲೆ ನಿಂತ ಅವ್ವ, "ಆ ಕಡೆ ಹನ್ನೆರಡು ಸಾಲು, ಈ ಕಡೆ ಹನ್ನೊಂದೇ. ಒಂದು ಎಲ್ಲಿ ನಿಂತಿತು ನೋಡು" ಎಂದಳು. ಗದ್ದೆಗಿಳಿದು ಹುಡುಕಿದೆ. ಸಾಲು ನಿಂತ ಜಾಗವನ್ನು ಬಿಟ್ಟರೆ ಉಳಿದೆಡೆ ಎಲ್ಲ ಪೈರೂ ಸರಿಯಾಗಿಯೇ ಇತ್ತು. ಆ ಜಾಗವನ್ನು ಬಳಸಿ, ಪೈರು ಎಣಿಸುತ್ತ ನಾಲ್ಕೂ ದಿಕ್ಕಿಗೆ ಸಮನಾಗಿ ಸುತ್ತಿದರೆ ಮಾತ್ರ ಹೊರಟಲ್ಲಿಗೆ ಬಂದು ಸೇರುತ್ತಿರಲಿಲ್ಲ. ಒಂದು ಹೆಜ್ಜೆ ಉಳಿಯುತ್ತಿತ್ತು. ಹರಳಿನಲ್ಲೂ ಪರಮಾಣುಗಳ ಸಾಲು ಹೀಗೆ ನಡುವೆ ನಿಲ್ಲುವುದುಂಟು. ಅಲ್ಲಿ ಆ ಹೆಜ್ಜೆಗೆ ಬರ್ಗರ್ಸ್ ಸದಿಶ ಎನ್ನುತ್ತೇವೆ, ಸಾಲು ನಿಂತ ಗೆರೆಗೆ ಡಿಸ್‌ಲೊಕೇಶನ್. ಎಷ್ಟು ದೂರದಿಂದ ಸುತ್ತಿದರೂ ಆ ಹೆಜ್ಜೆ ಮಾಯವಾಗದು, ಒಂದು ಪೈರನ್ನು ಅತ್ತಿತ್ತ ಸರಿಸಿದರೂ ಹೋಗದು. ವರ್ಷಗಟ್ಟಲೆ ಓದಿದ್ದ ಸಂಗತಿ ಅಂದು ಮೊಣಕಾಲುದ್ದದ ಕೆಸರಿನಲ್ಲಿ ಅರ್ಥವಾಯಿತು.

ಭೌತವಿಜ್ಞಾನಿಗಳಾದ ಯಿಂಗ್ ರಾನ್, ಯಿ ಝಾಂಗ್ ಮತ್ತು ಅಶ್ವಿನ್ ವಿಶ್ವನಾಥ್ 2009ರಲ್ಲಿ ಇದನ್ನೇ ಮುಂದಕ್ಕೆ ಒಯ್ದಿದ್ದರು. ಕೆಲವು ಟೊಪೊಲಾಜಿಕಲ್ ಅವಾಹಕಗಳಲ್ಲಿ ಆ ಗೆರೆಯುದ್ದಕ್ಕೂ ಎಲೆಕ್ಟ್ರಾನುಗಳಿಗೆ ಒಂದು ಕಾಲುದಾರಿ ತೆರೆಯುತ್ತದೆ. ಕಾಂತಗುಣವಿಲ್ಲದ ಕಲ್ಮಶ ಅಡ್ಡಬಂದರೂ ಅವು ಹಿಂದಿರುಗುವುದಿಲ್ಲ. ದಾರಿ ತೆರೆಯುವುದೋ ಇಲ್ಲವೋ ಎಂಬುದು ಬರ್ಗರ್ಸ್ ಸದಿಶಕ್ಕೂ ಆ ವಸ್ತುವಿನ ಟೊಪೊಲಾಜಿಕಲ್ ಸೂಚ್ಯಂಕಗಳಿಗೂ (ಅದು ಯಾವ ಬಗೆಯ ಟೊಪೊಲಾಜಿಕಲ್ ಅವಾಹಕ ಎಂದು ಹೇಳುವ ಅಂಕಿಗಳು) ಇರುವ ಹೊಂದಾಣಿಕೆಗೆ ಬಿಟ್ಟದ್ದು. ನನ್ನ ಬಿಸ್ಮತ್ ಸೆಲೆನೈಡಿನಲ್ಲಿ ಅದು ಇಲ್ಲ. ಬಿಸ್ಮತ್-ಆಂಟಿಮನಿ ಮಿಶ್ರಲೋಹದಲ್ಲಿ ಇರಬಲ್ಲದು. ಮುಂದಿನ ಕೊಳವೆ ಅದರದೇ. ದೋಷವಿಲ್ಲದ ಹರಳಿಗಾಗಿ ಅಷ್ಟು ಕಣ್ಣೀರಿಟ್ಟ ನಾನು ಈಗ ದೋಷವನ್ನೇ ಹುಡುಕಲಿದ್ದೇನೆ.

ಪರೀಕ್ಷೆಯ ದಿನ ಅವ್ವ ಕೊನೆಯ ಬೆಂಚಿನಲ್ಲಿ ಕುಳಿತಿದ್ದಳು. ಡಿಸ್‌ಲೊಕೇಶನ್ನಿನ ಚಿತ್ರ ಪರದೆಯ ಮೇಲೆ ಬಂದಾಗ, ಅವಳು ಬೆರಳು ಮಡಿಸಿ ಸಾಲು ಎಣಿಸುತ್ತಿದ್ದುದು ಕಂಡಿತು.